ಪಂಟ್ ರೋಡಿನ ತರಗತಿ

ಬಾಕ್ಸಿಂಗ್ ಡೇ ಟೆಸ್ಟಿನಿಂದಾಗಿ ಮೆಲ್ಬರ್ನಿನ ಎಂಸಿಜಿ ನಮ್ಮ ಕ್ರಿಕೆಟ್ ಪ್ರಿಯರಿಗೆ ಚಿರಪರಿಚಿತ. ಅದನ್ನು ಸುತ್ತುವರಿದ ಯಾರಾ ಪಾರ್ಕಿನಲ್ಲಿ ತೊಗಟೆ ಸುಲಿದ ಗುರುತಿರುವ ಹಳೆಯ ಕೆಂಪು ಗಮ್ ಮರ ಅಷ್ಟು ಪರಿಚಿತವಲ್ಲ. ಈ ನೆಲದ ವುರುಂಡ್ಜೆರಿ ಜನ ದೋಣಿಗೋ ಗುರಾಣಿಗೋ ಬೇಕಾದಷ್ಟು ತೊಗಟೆಯನ್ನು ಮಾತ್ರ ಎಬ್ಬಿಸಿಕೊಂಡು ಮರವನ್ನು ಬದುಕಲು ಬಿಡುತ್ತಿದ್ದರು. ಅಂಥ ಗಾಯದ ಅಂಚಿನಲ್ಲಿ ಹೊಸ ತೊಗಟೆ ದಪ್ಪಗೆ ಮಡಚಿಕೊಂಡು ಬೆಳೆಯುತ್ತದೆ. ನಡುವಿನ ಕಾಂಡ ಬೋಳಾಗಿಯೇ ಉಳಿಯುತ್ತದೆ. ಅಲ್ಲಿಂದ ಕೂಗಳತೆಯಲ್ಲಿದೆ ಪಂಟ್ ರೋಡ್ ಓವಲ್, ರಿಚ್ಮಂಡ್ ಫುಟ್‌ಬಾಲ್ ಕ್ಲಬ್ಬಿನ ನೆಲೆ.

ಮೊಟ್ಟೆಯಾಕಾರದ ಚೆಂಡಿನ ಆಸ್ಟ್ರೇಲಿಯನ್ ಫುಟ್‌ಬಾಲ್ ಇವರ ಆಟ. 2005ರಿಂದ ರಿಚ್ಮಂಡ್ ಮತ್ತು ಎಸೆಂಡನ್ ಸೇರಿ ಮೂಲನಿವಾಸಿಗಳ ಗೌರವಾರ್ಥ 'ಡ್ರೀಮ್‌ಟೈಮ್' ಪಂದ್ಯ ಆಡುತ್ತ ಬಂದಿವೆ. ಅದಕ್ಕೆ ಒಂದು ವರ್ಷ ಮೊದಲು ಎಸೆಂಡನ್ನಿನ ಮಾಜಿ ಆಟಗಾರ ಮೈಕಲ್ ಲಾಂಗ್, ತನ್ನ ಮೂಲನಿವಾಸಿ ಜನರ ಸಂಕಟ ಪ್ರಧಾನಿ ಜಾನ್ ಹೊವಾರ್ಡ್ ಕಿವಿಗೆ ಬೀಳಲಿ ಎಂದು ಮೆಲ್ಬರ್ನಿನಿಂದ ಕ್ಯಾನ್‌ಬೆರಾದತ್ತ ನಡೆದೇ ಹೊರಟಿದ್ದರು. ಇಂದಿಗೂ ಪಂದ್ಯಕ್ಕೆ ಮುಂಚೆ ಜನ ಫೆಡರೇಶನ್ ಸ್ಕ್ವೇರಿನಿಂದ ಮೈದಾನದವರೆಗೆ ಹೆಜ್ಜೆ ಹಾಕುತ್ತಾರೆ. ಮೂಲನಿವಾಸಿ ಚಿತ್ತಾರದ ಜೆರ್ಸಿ, ಸ್ವಾಗತ ವಿಧಿ, ಕುಣಿತ, ಕೆಲವು ವರ್ಷ ಎಂಬತ್ತು ಸಾವಿರ ದಾಟಿದ ಪ್ರೇಕ್ಷಕರು. ಎಲ್ಲವೂ ಮನಸ್ಸು ತುಂಬುವಂಥದ್ದೇ. ಆದರೆ ಅದು ಒಂದು ರಾತ್ರಿಯ ಸಂಭ್ರಮ.

ಗೌರವ ಒರೆಗೆ ಹತ್ತಿದ್ದು 2015ರಲ್ಲಿ. ಸಿಡ್ನಿ ತಂಡದ ಮೂಲನಿವಾಸಿ ಆಟಗಾರ ಆಡಂ ಗುಡ್ಸ್ ಎರಡು ಬಾರಿ ಲೀಗಿನ ಅತ್ಯುತ್ತಮ ಆಟಗಾರನ ಪದಕ ಗೆದ್ದವರು, 2014ರ 'ವರ್ಷದ ಆಸ್ಟ್ರೇಲಿಯನ್'. ಮೂಲನಿವಾಸಿ ಸಂಸ್ಕೃತಿಗೆಂದೇ ಮೀಸಲಾದ ವಾರದಲ್ಲಿ ಗೋಲು ಹೊಡೆದು ಒಂದು ರಣನೃತ್ಯದ ಹೆಜ್ಜೆ ಹಾಕಿದರು. ಅದನ್ನು ಅವರಿಗೆ ಕಲಿಸಿದವರು ಮೂಲನಿವಾಸಿ ಹುಡುಗರ ತಂಡ 'ಫ್ಲೈಯಿಂಗ್ ಬೂಮರಾಂಗ್ಸ್'. ಜೆರ್ಸಿಯ ಮೇಲಿನ ಚಿತ್ತಾರವನ್ನು ಮೆಚ್ಚಿದ ಸ್ಟ್ಯಾಂಡುಗಳಿಗೆ ಕಣ್ಣೆದುರಿನ ಜೀವಂತ ಕುಣಿತ ಸಹ್ಯವಾಗಲಿಲ್ಲ. ಮೊದಲೇ ಇದ್ದ ಗೇಲಿಯ ಕೂಗು ಮೈದಾನದಿಂದ ಮೈದಾನಕ್ಕೆ ಏರುತ್ತ ಹೋಯಿತು. ಆ ಋತು ಮುಗಿಯುತ್ತಿದ್ದಂತೆ ಗುಡ್ಸ್ ನಿವೃತ್ತರಾದರು. ಲೀಗ್ ಮತ್ತು ಅದರ 18 ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. ನಾಲ್ಕು ವರ್ಷ!

ಆ ಬಿಸಿಯಲ್ಲೇ ರಿಚ್ಮಂಡ್ ಮಾಡಿದ ಒಂದು ಕೆಲಸ ನೆನಪಿನಲ್ಲಿ ಉಳಿಯಬೇಕು. ಗುಡ್ಸ್ ಬೆಂಬಲಕ್ಕೆಂದು ತನ್ನ ಡ್ರೀಮ್‌ಟೈಮ್ ಜೆರ್ಸಿಯನ್ನು ಹಬ್ಬ ಮುಗಿದ ಎಷ್ಟೋ ವಾರಗಳ ನಂತರ, ಹಾಥಾರ್ನ್ ವಿರುದ್ಧದ ಪಂದ್ಯದಲ್ಲಿ ಮತ್ತೆ ತೊಟ್ಟು ಆಡಿತು. ಬೇರೊಂದು ತಂಡದ ಆಟಗಾರನೊಬ್ಬನಿಗಾಗಿ ತೊಟ್ಟಾಗಲೇ ಆ ಬಟ್ಟೆಗೆ ನಿಜವಾದ ಬೆಲೆ ಬಂತು.

ಆದರೂ ಈ ಕ್ಲಬ್ಬಿನ ದೊಡ್ಡ ಸಾಧನೆ ಮೈದಾನದ ಮೇಲಿಲ್ಲ, ಮೈದಾನಕ್ಕೆ ಅಂಟಿಕೊಂಡ ಕಟ್ಟಡದೊಳಗಿದೆ. 2011ರಲ್ಲಿ ಅಲ್ಲಿ 'ಕೋರಿನ್ ಗಮಾಡ್ಜಿ ಇನ್‌ಸ್ಟಿಟ್ಯೂಟ್' ಬಾಗಿಲು ತೆರೆಯಿತು. ಹೆಸರು ವುರುಂಡ್ಜೆರಿಗಳ ವೊಯಿವುರುಂಗ್ ಭಾಷೆಯದು. ಬೆಳೆದು ಹೊರಹೊಮ್ಮುವುದು ಎಂದು ಅದರ ಅರ್ಥ. ಇದು ಪ್ರತಿಭೆ ಹೆಕ್ಕುವ ಆಟದ ಶಿಬಿರವಲ್ಲ. ಹದಿಹರೆಯದ ಮೂಲನಿವಾಸಿ ಮಕ್ಕಳಿಗೆ ನಾಯಕತ್ವ, ತಮ್ಮ ಸಂಸ್ಕೃತಿಯ ತಿಳಿವು, ಓದು ಮತ್ತು ಉದ್ಯೋಗದ ದಾರಿ ತೋರಿಸುವ ಜಾಗ. ಚೆಂಡು ಒದೆಯಲು ಬಾರದ ಹುಡುಗಿಗೂ ಇಲ್ಲಿ ಸ್ಥಾನವಿದೆ. 2016ರಲ್ಲಿ ಆರಂಭವಾದ ಮೆಲ್ಬರ್ನ್ ಇಂಡಿಜಿನಸ್ ಟ್ರಾನ್ಸಿಶನ್ ಸ್ಕೂಲ್ ತನ್ನ ಪಾಠಗಳನ್ನು ನಡೆಸಿದ್ದೂ ಕ್ಲಬ್ಬಿನ ಆವರಣದಲ್ಲೇ. ಉತ್ತರದ ದೂರದೂರದ ಹಳ್ಳಿಗಳ ಮಕ್ಕಳು ರಿಚ್ಮಂಡಿನ ಹಾಸ್ಟೆಲಿನಲ್ಲಿದ್ದುಕೊಂಡು ಏಳನೇ ತರಗತಿ ಓದಿ, ಮುಂದೆ ನಗರದ ಶಾಲೆಗಳಿಗೆ ಸೇರುತ್ತಾರೆ. ಮನೆ ಬಿಟ್ಟು ಬಂದ ಹನ್ನೆರಡರ ಮಗುವಿಗೆ ಹೊಸ ನಗರ ತನ್ನದೆನಿಸಲು ಒಂದು ವರ್ಷ ಕಾಲಾವಕಾಶ ಕೊಡುವುದು ಬಹಳ ವಿವೇಕದ ಏರ್ಪಾಡು.

ಕೊರತೆ ಇರುವುದು ಮೇಲಿನ ಮಜಲಿನಲ್ಲಿ. ಮೂಲನಿವಾಸಿ ಆಟಗಾರ ಮಾರಿಸ್ ರಿಯೋಲಿ 1982ರ ಫೈನಲ್ಲಿನಲ್ಲಿ ಸೋತ ರಿಚ್ಮಂಡ್ ತಂಡದಲ್ಲಿದ್ದೂ ಶ್ರೇಷ್ಠ ಆಟಗಾರರೆನಿಸಿದರು. ಅದೇ ಮನೆತನದ ಡೇನಿಯಲ್ ರಿಯೋಲಿ ಕ್ಲಬ್ಬಿನ 2017, 2019, 2020ರ ಮೂರೂ ಪ್ರಶಸ್ತಿಗಳಲ್ಲಿ ಪಾಲುದಾರರು. ಆಟಗಾರರಾಗಿ ಇಷ್ಟು ಕೊಟ್ಟ ಸಮುದಾಯದಿಂದ ಒಬ್ಬ ಖಾಯಂ ಮುಖ್ಯ ಕೋಚ್ 1984ರ ನಂತರ ಇಡೀ ಪುರುಷರ ಲೀಗಿನಲ್ಲೇ ಬಂದಿಲ್ಲ. ಪಂಟ್ ರೋಡಿನಲ್ಲಿ ನಾಯಕತ್ವದ ಪಾಠ ಕಲಿತ ಮೊದಲ ಮಕ್ಕಳಿಗೆ ಈಗ ಮೂವತ್ತರ ಆಸುಪಾಸು. ಕೋಚ್‌ಗಳ ಕೊಠಡಿಯಲ್ಲಿ, ಆಡಳಿತ ಮಂಡಳಿಯಲ್ಲಿ ಅವರಿಗೆ ಎಷ್ಟು ಕುರ್ಚಿಗಳಿವೆ ಎಂಬ ಪ್ರಶ್ನೆಗೆ ರಿಚ್ಮಂಡ್ ಮೊದಲು ಉತ್ತರಿಸಬೇಕು, ಏಕೆಂದರೆ ಆ ಪಾಠ ಶುರುಮಾಡಿದ್ದು ಅದೇ.