ಹೊಣೆ ಹೊತ್ತ ತಾಯಿ: ದಾಸರ ಪದಗಳಲ್ಲಿ ಅಭಯದ ಅರ್ಥ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಕನ್ನಡ ಪುಸ್ತಕಗಳ ಕಪಾಟು ಬರಿದಾದರೂ ದಾಸರ ಪದಗಳು ಉಳಿದುಕೊಂಡು ಬಂದಿವೆ. ಸಂಜೆಯ ದೀಪದ ಮುಂದೆ, ಸತ್ಯನಾರಾಯಣ ಪೂಜೆಯಲ್ಲಿ, ಸಂಘದ ಭಜನೆಯಲ್ಲಿ ಅವು ಕೇಳಿಬರುತ್ತಲೇ ಇರುತ್ತವೆ. ಅವುಗಳಲ್ಲಿಯೂ ದೇವರನ್ನು ತಾಯಿಯೆಂದು, ತಂದೆಯೆಂದು ನೆನೆದು ಮನಸ್ಸಿಗೆ ಧೈರ್ಯ ಹೇಳುವ ಪದಗಳ ಮೇಲೆ ನಮಗೆ ಒಲವು ಹೆಚ್ಚು. ಇದು ಸಹಜ. ಊರು ಬಿಟ್ಟು ಬಂದವರಿಗೆ ಅಭಯ ಬೇಕು. ಆದರೆ ನಮಗೆ ಬೇಕಾದುದನ್ನಷ್ಟೇ ಕೇಳಿಸಿಕೊಳ್ಳುತ್ತ ಹೋದರೆ ಕವಿ ಹೇಳಿದ್ದು ತಪ್ಪಿಹೋಗುವ ಸಂಭವವುಂಟು. ಆದ್ದರಿಂದ ಈ ಪದಗಳನ್ನು ಸಾಹಿತ್ಯವೆಂದು ಒಮ್ಮೆ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು 16ನೆಯ ಶತಮಾನದ ಕನಕದಾಸರ ಕೀರ್ತನೆಯೊಂದನ್ನು ನೋಡೋಣ. ತಳಮಳಿಸುವ ತಮ್ಮ ಮನಸ್ಸಿಗೇ ಅವರು ಸಮಾಧಾನ ಹೇಳುವ ಆ ಪದವನ್ನು ಅರಿಯದ ಕನ್ನಡಿಗರು ವಿರಳ. ಪಲ್ಲವಿಯಲ್ಲಿ ಅಭಯ, ಚರಣಗಳಲ್ಲಿ ಪ್ರಶ್ನೆ. ಇದು ಅದರ ಕಟ್ಟಡ. ಬೆಟ್ಟದ ನೆತ್ತಿಯ ಮರಕ್ಕೆ ನೀರುಣಿಸಿದವರಾರು, ಬಂಡೆಯೊಳಗಿನ ಕಪ್ಪೆಗೆ ಅನ್ನ ಒದಗಿಸಿದವರಾರು, ನವಿಲಿಗೂ ಗಿಳಿಗೂ ಬಣ್ಣ ಕೊಟ್ಟವರಾರು ಎಂದು ಕವಿ ಕೇಳುತ್ತಾರೆ. ಶಾಸ್ತ್ರದ ಪ್ರಮಾಣವಿಲ್ಲ, ಪವಾಡದ ಕಥೆಯಿಲ್ಲ. ಕುರುಬನೂ ಕೃಷಿಕನೂ ಕಣ್ಣಾರೆ ಕಂಡ ಸಂಗತಿಗಳೇ ಸಾಕ್ಷಿ. ಕಾಡಿನ ಮೃಗಪಕ್ಷಿಗಳ ಮಾತು ಬಂದಾಗ ದೇವರನ್ನು ಹೆತ್ತ ತಾಯಿಗೆ ಹೋಲಿಸಿ, ಅವನು ಹೊಣೆ ಹೊತ್ತಿದ್ದಾನೆ ಎನ್ನುತ್ತಾರೆ.

ಈ ‘ಹೊಣೆ’ ಎಂಬ ಮಾತು ಬಹಳ ತೂಕದ್ದು. ಅದು ಬರಿಯ ಮಮತೆಯ ಮಾತಲ್ಲ, ವ್ಯವಹಾರದ ಮಾತು. ಪರಸ್ಥಳದಲ್ಲಿ ಬಾಡಿಗೆಗೆ ಖೋಲಿ ಹಿಡಿಯುವಾಗ, ಬ್ಯಾಂಕಿನಲ್ಲಿ ಸಾಲ ಕೇಳುವಾಗ ‘ನಿಮಗೆ ಜಾಮೀನು ಯಾರು?’ ಎಂಬ ಪ್ರಶ್ನೆ ಎದುರಿಸಿದವರಿಗೆ ಇದರ ಬೆಲೆ ಗೊತ್ತು. ತಾಯಿ ಪ್ರೀತಿಸುತ್ತಾಳೆ ಎನ್ನುವುದು ಒಂದು. ತಾಯಿ ನನ್ನ ಜಾಮೀನು ನಿಂತಿದ್ದಾಳೆ ಎನ್ನುವುದು ಇನ್ನೊಂದು. ಮೊದಲನೆಯದರಿಂದ ಸಂತೋಷ, ಎರಡನೆಯದರಿಂದ ನಿದ್ದೆ.

ಹಾಗಾದರೆ ನೀರಿಲ್ಲದೆ ಒಣಗಿದ ಮರದ ಗತಿಯೇನು ಎಂದು ವಿಚಾರವಂತರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆ ಕೀರ್ತನೆಯಲ್ಲಿ ಇದಕ್ಕೆ ಉತ್ತರವಿಲ್ಲ. ಇದನ್ನು ಅದರ ಮಿತಿಯೆಂದು ಒಪ್ಪಬೇಕು. ಆದರೆ ಕನಕದಾಸರು ಹಸಿವನ್ನು ಅರಿಯದ ಕವಿಯಲ್ಲ. ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹಚ್ಚಿ ಬಡವರ ಧಾನ್ಯವಾದ ರಾಗಿಗೆ ಗೆಲುವು ಕೊಟ್ಟವರು ಅವರೇ. ಅಂಥವರು ಅಭಯ ಹೇಳಿದರೆ ಅದು ಹೊಟ್ಟೆ ತುಂಬಿದವರ ಉಪದೇಶವಾಗದು. ಅಲ್ಲದೆ ಅವರು ಹಸಿದ ನೆರೆಯವನಿಗೆ ಈ ಮಾತು ಹೇಳುತ್ತಿಲ್ಲ, ತಮ್ಮ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಾರೆ. ಈ ಭೇದವನ್ನು ನಾವು ಮರೆಯಬಾರದು.

ಅವರಿಗಿಂತ ನಾಲ್ಕು ಶತಮಾನ ಹಿಂದಿನ ಬಸವಣ್ಣನವರೂ ಕೂಡಲಸಂಗಮದೇವನನ್ನು ತಂದೆತಾಯಿಯಾಗಿ ಕಂಡವರು. ಅವರೂ ಊರು ಬಿಟ್ಟವರೇ. ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಅಲ್ಲಿಂದ ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಗೆ, ಮುಂದೆ ಕಲ್ಯಾಣಕ್ಕೆ ನಡೆದರೆಂದು ಪರಂಪರೆ ಹೇಳುತ್ತದೆ. ಆದರೆ ದೇವರನ್ನು ತಂದೆಯೆಂದ ಬಳಿಕ ಅವರು ಅಲ್ಲಿಗೆ ನಿಲ್ಲುವುದಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದ ಶರಣರನ್ನು ತಮ್ಮ ಮನೆಯ ಹಿರಿಯರೆಂದು ಎಣಿಸುತ್ತಾರೆ. ತಂದೆ ಒಬ್ಬನಾದರೆ ಅವನ ಮಕ್ಕಳೆಲ್ಲ ಒಡಹುಟ್ಟಿದವರಾಗಲೇಬೇಕಲ್ಲ! ಇಲ್ಲಿ ಆಸರೆ ಪುಕ್ಕಟೆ ಸಿಗುವುದಿಲ್ಲ. ಹೊಸ ನಂಟಸ್ತಿಕೆಯ ಋಣ ಅದರ ಜೊತೆಗೇ ಬರುತ್ತದೆ.

ಪುರಂದರದಾಸರದು ಮತ್ತೊಂದು ದಾರಿ. ಅವರ ಎಷ್ಟೋ ಪದಗಳಲ್ಲಿ ದೇವರು ಮಗು, ಹಾಡುವವರು ಯಶೋದೆ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ಅಮ್ಮನಿಗೆ ಮೊರೆಯಿಡುವ ಪದವನ್ನು ನೆನೆಯಿರಿ. ಲೋಕಕ್ಕೆ ಅಭಯ ಕೊಡುವವನೇ ಹೆದರಿ ತಾಯಿಯ ಸೆರಗು ಹಿಡಿಯುತ್ತಾನೆ. ಕಾಯಿಸಿಕೊಳ್ಳುವುದರಲ್ಲಿ ಮಾತ್ರವಲ್ಲ, ಕಾಯುವುದರಲ್ಲಿಯೂ ನೆಮ್ಮದಿಯುಂಟು ಎಂಬುದು ಇಲ್ಲಿನ ಧ್ವನಿ. ಮಗುವನ್ನು ತೂಗುತ್ತ ತಾನೂ ತೂಕಡಿಸಿದ ತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಣೆ, ಮುಂಬಯಿಯ ನಮ್ಮವರಿಗೆ ಈ ಭಾವ ನೆರೆಮನೆಯಲ್ಲಿಯೂ ಕಾಣುತ್ತದೆ. ವಾರಕರಿಗಳಿಗೆ ಪಂಢರಪುರದ ವಿಠ್ಠಲ ‘ಮಾವುಲಿ’, ಅಂದರೆ ತಾಯಿ. ನಾಮದೇವರ ಮನೆಯ ಕೆಲಸದಾಕೆ ಜನಾಬಾಯಿಯ ಅಭಂಗಗಳಲ್ಲಿ ಅವನು ಬೀಸುವ ಕಲ್ಲಿಗೆ ಕೈ ಹಚ್ಚುತ್ತಾನೆ. ಜ್ಞಾನೇಶ್ವರರು ಆ ವಿಠ್ಠಲನನ್ನು ಕನ್ನಡದವನೆಂದು ಕರೆದದ್ದೂ ಉಂಟು. ಗದಗಿನ ಮಣ್ಣಿನಿಂದ ಬಂದು ಪುಣೆಯಲ್ಲಿ ನೆಲೆಸಿ 2011ರಲ್ಲಿ ಅಗಲಿದ ಪಂಡಿತ ಭೀಮಸೇನ ಜೋಶಿಯವರು ‘ದಾಸವಾಣಿ’, ‘ಸಂತವಾಣಿ’ ಎರಡನ್ನೂ ಒಂದೇ ಕಂಠದಲ್ಲಿ ಹಾಡಿ, ಎರಡು ಭಾಷೆಗಳ ಮಕ್ಕಳಿಗೆ ತಾಯಿ ಒಬ್ಬಳೇ ಎಂದು ತೋರಿಸಿಕೊಟ್ಟರು.

ಇನ್ನು ನಮ್ಮ ಹಾಡಿಕೆಯ ಮಾತು. ಸಮಯವಿಲ್ಲವೆಂದು ಪಲ್ಲವಿಗೊಂದು ಚರಣ ಸೇರಿಸಿ ಮುಗಿಸಿಬಿಡುವುದು ರೂಢಿಯಾಗಿದೆ. ಅಭಯ ಉಳಿಯುತ್ತದೆ, ಪ್ರಶ್ನೆಗಳು ಹೋಗುತ್ತವೆ. ದೇವನಾಗರಿಯಲ್ಲೋ ತಮಿಳಿನಲ್ಲೋ ಬರೆದುಕೊಂಡು ಹಾಡುವ ಮಕ್ಕಳಿಗೆ ಅರ್ಥ ಹೇಳುವವರಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಊರಲ್ಲಿ ವಯಸ್ಸಾದ ತಾಯಿತಂದೆ ಇಬ್ಬರೇ ಇರುವಾಗ ‘ದೇವರಿದ್ದಾನೆ, ನೋಡಿಕೊಳ್ಳುತ್ತಾನೆ’ ಎಂದು ನಾವು ನಾವೇ ಹೇಳಿಕೊಳ್ಳುವುದುಂಟು. ನೌಕರಿ, ಮಕ್ಕಳ ಶಾಲೆ, ರಜೆಯ ಅಡಚಣೆ, ಇವೆಲ್ಲ ಸುಳ್ಳಲ್ಲ. ಆದರೆ ಕನಕದಾಸರ ಪದವನ್ನು ಇದಕ್ಕೆ ಆಧಾರವಾಗಿ ಎಳೆದು ತರುವುದು ಸಲ್ಲದು. ದೇವರು ಹೊಣೆ ಹೊತ್ತಿದ್ದಾನೆ ಎಂದು ಅವರು ಹೇಳಿದ್ದಾರೆ. ನಮ್ಮ ಹೊಣೆ ತೀರಿತೆಂದು ಎಲ್ಲಿಯೂ ಹೇಳಿಲ್ಲ.

ಕಳವಳವನ್ನು ಬಿಡಲು ಹೇಳುವ ಪದ ಕರ್ತವ್ಯವನ್ನು ಬಿಡಲು ಹೇಳುವುದಿಲ್ಲ. ಕಳವಳ ಇಳಿದ ಮನಸ್ಸಿಗೇ ಕೈಲಾದಷ್ಟನ್ನು ಮಾಡುವ ಬಲ ಬರುತ್ತದೆ. ಮುಂದಿನ ಭಜನೆಯಲ್ಲಿ ಆ ಕೀರ್ತನೆಯ ಎಲ್ಲ ಚರಣಗಳನ್ನೂ ಹಾಡೋಣ, ಮಕ್ಕಳಿಗೆ ಅರ್ಥ ಹೇಳೋಣ. ಆ ರಾತ್ರಿಯೇ ಊರಿಗೊಂದು ಫೋನು ಮಾಡಿದರೆ ದಾಸರು ಬೇಡವೆನ್ನಲಾರರು.