ಕಪ್ಪೆ, ಉಳಿ ಮತ್ತು ಕೋಡಿ

ಪರಿಣತಿಯೆಂದರೇನು ಎಂಬ ಪ್ರಶ್ನೆಗೆ ಈ ಗಡಿನಾಡಿನ ಎರಡೂ ಭಾಷೆಗಳು ಕಥೆಯ ಮೂಲಕವೇ ಉತ್ತರ ಹೇಳಿವೆ. ಬೇಲೂರಿನಲ್ಲಿ ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಹುಡುಗನೊಬ್ಬ ಹೇಳುತ್ತಾನೆ. ಬಳಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಒಡೆದರೆ ನೀರು, ಕಪ್ಪೆ. ಜಕಣ ತನ್ನ ಬಲಗೈಯನ್ನೇ ಕಡಿದುಕೊಳ್ಳುತ್ತಾನೆ. ಆ ಹುಡುಗ ಅವನ ಮಗ ಡಂಕಣ. ಮಲಯಾಳದ ಪೆರುಂದಚ್ಚನ ಕಥೆಯಲ್ಲೂ ಮಗ ತಂದೆಯನ್ನು ಮೀರುತ್ತಾನೆ. ಮೇಲಿಂದ ಬಿದ್ದ ತಂದೆಯ ಉಳಿ ಅವನ ಕತ್ತು ಕಡಿಯುತ್ತದೆ. ಕೈ ಜಾರಿತೋ, ಬೇಕೆಂದೇ ಬಿಟ್ಟನೋ ಎಂಬ ಸಂಶಯ ಜನರ ಬಾಯಲ್ಲಿ ಉಳಿದೇ ಇದೆ. ಜಿ. ಶಂಕರ ಕುರುಪ್ ಕವಿತೆಯಲ್ಲಿ, ಎಂ.ಟಿ. ವಾಸುದೇವನ್ ನಾಯರ್ ಚಿತ್ರಕಥೆಯಲ್ಲಿ ಈ ಕಥೆಗೆ ಮರಳಿದ್ದಾರೆ. ನಮ್ಮಲ್ಲಿ 1964ರಲ್ಲಿ ಬಿ.ಎಸ್. ರಂಗಾ ಜಕಣನನ್ನು ತೆರೆಗೆ ತಂದರು.

ಒಂದು ಸ್ವಾಭಿಮಾನದ ಕಥೆ, ಇನ್ನೊಂದು ಅಸೂಯೆಯ ಕಥೆ ಎಂದು ಇವನ್ನು ಓದುವುದು ಸುಲಭ. ನನಗೆ ಮಾತ್ರ ಇವೆರಡೂ ಒಂದೇ ರೋಗದ ಲಕ್ಷಣಗಳಾಗಿ ಕಾಣುತ್ತವೆ. ತನ್ನ ಲೆಕ್ಕ ಮೀರಿದ್ದು ಏನೂ ಇರಬಾರದೆಂಬ ಹಟ ಇಬ್ಬರಲ್ಲೂ ಇದೆ. ಒಬ್ಬ ಕೈ ಕಳೆದುಕೊಂಡ, ಇನ್ನೊಬ್ಬ ಮಗನನ್ನು. ಎರಡು ಕಡೆಯೂ ನಷ್ಟವಾದದ್ದು ಕಸುಬಿಗೆ.

ಈ ಕಥೆಗಳ ಎದುರಿಗೆ ಸೇಲಂ ಜಿಲ್ಲೆಯ ಮೆಟ್ಟೂರನ್ನು ಇಟ್ಟು ನೋಡಬೇಕೆನಿಸುತ್ತದೆ. ಹೊಗೆನಕಲ್ಲಿನಿಂದ ಇಳಿದು ಬರುವ ಕಾವೇರಿಗೆ 1925ರಿಂದ 1934ರವರೆಗೆ ಅಲ್ಲಿ ಅಣೆಕಟ್ಟು ಕಟ್ಟಿದರು. ಮಲಯಾಳಿಗಳು 'ತೊಂಬತ್ತೊಂಬತ್ತರ ನೆರೆ' ಎಂದು ನೆನೆಯುವ 1924ರ ಮಳೆಗಾಲದಲ್ಲಿ ಕಾವೇರಿಯೂ ಉಕ್ಕಿ ಹರಿದಿತ್ತು. ಜಲಾಶಯಕ್ಕೆ ಮದರಾಸಿನ ಗವರ್ನರ್ ಸ್ಟ್ಯಾನ್ಲಿಯ ಹೆಸರಿದೆ. ಎಂಜಿನಿಯರ್ ಎಲ್ಲಿಸನ ಹೆಸರು ಉಳಿದಿರುವುದು ಹದಿನಾರು ಕಣ್ಣಿನ ಕೋಡಿಗೆ, 'ಎಲ್ಲಿಸ್ ಸ್ಯಾಡಲ್'ಗೆ. ನೀರು 120 ಅಡಿಯ ಪೂರ್ಣ ಮಟ್ಟ ಮುಟ್ಟಿದಾಗ ಹೆಚ್ಚುವರಿ ನೀರಿಗೆ ಅದೇ ದಾರಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಸುಮ್ಮನೆ ಒಣಗಿ ನಿಂತಿರುತ್ತದೆ. ಆದರೂ ಅದಿಲ್ಲದೆ ಕಟ್ಟೆಯಿಲ್ಲ. ತಾನು ಎಣಿಸಿದ್ದಕ್ಕಿಂತ ಹೆಚ್ಚು ಬಂದೀತು ಎಂದು ಮೊದಲೇ ಒಪ್ಪಿ ಜಾಗ ಬಿಡುವುದೂ ವಿದ್ಯೆಯ ಭಾಗ. ಪರಿಣತನ ಹೆಸರಿಗೆ ಅದಕ್ಕಿಂತ ತಕ್ಕ ಸ್ಥಳ ನನಗೆ ತೋರದು.

ಜಕಣನ ಕಥೆಯಲ್ಲೂ ಅಂಥದೊಂದು ಕೋಡಿ ಇದೆ. ಪಂಥದ ಬಿಸಿಯಲ್ಲಾದರೂ ಸರಿ, ಗುರುತಿಲ್ಲದ ಹುಡುಗನ ಮಾತಿಗೆ ಅವನು ತನ್ನ ಕಲ್ಲನ್ನು ಪರೀಕ್ಷೆಗೆ ಒಡ್ಡಿದ. ಅವನ ದೊಡ್ಡತನವಿರುವುದು ಗಂಧ ಬಳಿಯಲು ಬಿಟ್ಟ ಆ ಗಳಿಗೆಯಲ್ಲಿ. ಕೈ ಕಡಿದುಕೊಂಡದ್ದು ಬರೀ ಅಹಂಕಾರ. ನಾವು ಇಷ್ಟು ಕಾಲ ಹಾಡಿ ಹೊಗಳಿದ್ದು ಕಡಿದ ಕೈಯನ್ನೇ. ಕೈದಾಳದಲ್ಲಿ ಕಥೆ ಅವನಿಗೆ ಆ ಕೈಯನ್ನು ಮರಳಿಸುತ್ತದೆ. ಪೆರುಂದಚ್ಚನಿಗೆ ಮಗನನ್ನು ಮರಳಿಸುವ ಊರು ಯಾವ ಕಥೆಯಲ್ಲೂ ಇಲ್ಲ.