ಕೆರೆಗೆ ಬೆನ್ನು ಮಾಡಿ

ವಿಜಯಪುರ ಜಿಲ್ಲೆಯ ಮಮದಾಪುರದ ಕೆರೆ ಏರಿ ಮೇಲೆ ಕ್ಯಾಮೆರಾ ಹಿಡಿದು ನಿಂತವರೆಲ್ಲ ನೀರಿನ ಕಡೆಗೇ ಮುಖ ಮಾಡುತ್ತಾರೆ. ತಪ್ಪೇನಿಲ್ಲ. ಗೋಳಗುಮ್ಮಟದ ಮಹಮ್ಮದ್ ಆದಿಲ್‌ಶಾಹನೇ 1633ರಲ್ಲಿ ಕಟ್ಟಿಸಿದ ಕೆರೆ. ಈ ಬರದ ಸೀಮೆಯಲ್ಲಿ ಅಷ್ಟಗಲ ನೀರು ಕಂಡರೆ ಬೆರಳು ತಾನಾಗಿ ಬಟನ್ ಒತ್ತುತ್ತದೆ. ನನ್ನ ಹಾರ್ಡ್‌ಡಿಸ್ಕ್ ತುಂಬ ಸೂರ್ಯಾಸ್ತ, ಬೆಳ್ಳಕ್ಕಿ, ಮತ್ತೆ ಸೂರ್ಯಾಸ್ತ. ಚೆಂದ ಇವೆ, ಮೂಕ ಇವೆ.

ಬಾಯಿ ಬಿಡಿಸಿದ್ದು ಒಂದು ಟಿಟ್ಟಿಭ. ಬೇಸಿಗೆಯಲ್ಲಿ ಅದು ಕೆರೆಯಾಚೆಯ ಮಡ್ಡಿಯ, ಅಂದರೆ ಒಣ ಕುರುಚಲು ನೆಲದ, ಹರಳುಗಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಗೂಡೆಂದರೆ ಬರೀ ಒಂದು ತಗ್ಗು. ಬಿಸಿಲೇರಿದಾಗ ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ, ತಂಪಾಗಲಿ ಅಂತ. ನೀರಲ್ಲಿ ಹಕ್ಕಿ, ಹಾರುವ ಹಕ್ಕಿ, ಗೂಡಲ್ಲಿ ಹಕ್ಕಿ: ಮೂರೇ ಶಾಟ್. ಕೆರೆಗೂ ಮಡ್ಡಿಗೂ ಇರುವ ನಂಟು ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಮೊದಲ ಸಲ ನಾನು ಆಸೆಬುರುಕನಾಗಿ ಹತ್ತಿರ ಹೋದೆ. ಹಕ್ಕಿ ಎದ್ದು ತಲೆ ಮೇಲೆ ಅರಚುತ್ತ ಸುತ್ತಿತು, ಮೊಟ್ಟೆ ಬಿಸಿಲಿಗೆ ಬಿದ್ದವು. ಚಿತ್ರ ಸಿಕ್ಕಿತು. ಅದನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಮಡ್ಡಿಯನ್ನು ಬಂಜರು ಅನ್ನುವುದು ನಮ್ಮ ಚಾಳಿ. ಕೋಟಿ ವೃಕ್ಷ ಅಭಿಯಾನದ ನಂತರ ಈ ಜಿಲ್ಲೆಯಲ್ಲಿ ‘ಅಂದು–ಇಂದು’ ಜೋಡಿಚಿತ್ರಗಳ ಹುಮ್ಮಸ್ಸು ಹೆಚ್ಚಿದೆ: ಎಡಕ್ಕೆ ಕಂದು, ಬಲಕ್ಕೆ ಹಸಿರು. ನೆರಳಿಗಾಗಿ ಹಂಬಲಿಸಿದ ಊರಿಗೆ ಗಿಡ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಎಡಗಡೆಯ ಚಿತ್ರದಲ್ಲಿ ತೋಳ, ನರಿ, ನೆಲಗುಬ್ಬಿಗಳ ಮನೆಯೂ ಇರಬಹುದು. ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇಂಥದೇ ಒಣ ಕುರುಚಲು 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ಹಸಿರು ಕಂಡಲ್ಲಿ ಮಾತ್ರ ಕಾಡು ಕಾಣುವ ಕಣ್ಣಿಗೆ ಎಂಥ ಲೆನ್ಸ್ ಕೊಟ್ಟರೂ ದಂಡ.

ಚಿತ್ರದಿಂದ ಏನಾದೀತು ಅನ್ನುವವರಿಗೆ ಕುದುರೆಮುಖ ನೆನಪಿಸುತ್ತೇನೆ. ಶೇಖರ್ ದತ್ತಾತ್ರಿ 2001ರಲ್ಲಿ ಅಲ್ಲಿನ ಗಣಿಗಾರಿಕೆ ಕುರಿತು ಮಾಡಿದ್ದು ಹನ್ನೆರಡು ನಿಮಿಷದ ಫಿಲ್ಮ್. ಹುಲಿಯ ಬೆನ್ನು ಬೀಳದೆ, ಅಗೆದ ಬೆಟ್ಟವನ್ನೂ ಭದ್ರೆಗಿಳಿಯುವ ಮಣ್ಣನ್ನೂ ಒಟ್ಟಿಗೆ ತೋರಿಸಿತು. ಕೋರ್ಟಿನಲ್ಲಿ ನಡೆದ ಹೋರಾಟಕ್ಕೆ ಅದು ಜನರ ನಡುವೆ ಬಲ ತಂದಿತು. ಮರುವರ್ಷ ಸುಪ್ರೀಂ ಕೋರ್ಟ್ 2005ರ ಕೊನೆಗೆ ಗಣಿ ನಿಲ್ಲಬೇಕೆಂದಿತು.

ಕಲಿಯುವವರಿಗೆ ದುಬಾರಿ ಸಾಮಾನು ಬೇಡ. ಮಡ್ಡಿಯಲ್ಲಿ ಒಂದು ಕಲ್ಲು ಗುರುತು ಮಾಡಿಕೊಳ್ಳಿ, ಪ್ರತಿ ತಿಂಗಳು ಅಲ್ಲೇ ನಿಂತು ಅದೇ ದಿಕ್ಕಿಗೆ ಒಂದು ಚಿತ್ರ. ವಿಡಿಯೋ ಆದರೆ ಎರಡು ನಿಮಿಷ ಬಾಯಿ ಮುಚ್ಚಿ ಸದ್ದು ಹಿಡಿಯಿರಿ. ನೆಲಗುಬ್ಬಿ ಮೇಲೇರುತ್ತ ಹಾಡುವುದು ಹಿನ್ನೆಲೆ ಸಂಗೀತ ಹಾಕಿದರೆ ಸತ್ತೇ ಹೋಗುತ್ತದೆ. ಕುರಿ ಕಾಯುವವರನ್ನು ಮಾತಾಡಿಸಿ, ತೋಳದ ದಾರಿ ಅವರಿಗೆ ಗೊತ್ತು. ಅವರು ಕಳಕೊಂಡ ಕುರಿಯ ಮಾತನ್ನು ಎಡಿಟಿಂಗ್‌ನಲ್ಲಿ ಕತ್ತರಿಸಬೇಡಿ.

ಗೂಡಿನ ಚಿತ್ರ ಹಂಚುವ ಮುನ್ನ ಮೊಬೈಲಿನ ಲೊಕೇಶನ್ ಆಫ್ ಮಾಡಿ.